24 ಗ್ರಾಂ ಸಕ್ಕರೆಯ ಲೆಕ್ಕ: ಸ್ಪಾರ್ಕ್ಲಿಂಗ್ ವೈನ್‌ಗೆ ಗುಳ್ಳೆ ಬರುವುದು ಹೇಗೆ?

[ದೃಶ್ಯ: ಗ್ಲಾಸಿನ ತಳದಿಂದ ಸಾಲಾಗಿ ಏಳುವ ಗುಳ್ಳೆಗಳು, ತೀರ ಹತ್ತಿರದಿಂದ]

ಒಂದು ಲೀಟರ್ ವೈನ್. ಅದಕ್ಕೆ 24 ಗ್ರಾಂ ಸಕ್ಕರೆ, ಸ್ವಲ್ಪ ಯೀಸ್ಟ್, ಮೇಲೊಂದು ಬಿಗಿ ಮುಚ್ಚಳ. ಶಾಂಪೇನ್‌ನ ಗುಳ್ಳೆಗೆ ಬೇಕಾದ ಸಾಮಾನು ಇಷ್ಟೇ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ಅನಿಲ ವೈನ್‌ನಲ್ಲೇ ಕರಗಿ ಕೂರುತ್ತದೆ. ಲೀಟರಿಗೆ ಸುಮಾರು 4 ಗ್ರಾಂ ಸಕ್ಕರೆಯಿಂದ 1 ಬಾರ್ ಒತ್ತಡ, ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು. 24 ಗ್ರಾಂ ಹಾಕಿದರೆ 6 ಬಾರ್. ಇಷ್ಟು ಸುಲಭದ ಲೆಕ್ಕಕ್ಕೆ ವರ್ಷಗಟ್ಟಲೆ ಕೆಲಸ ಯಾಕೆ ಅನ್ನುವುದೇ ಈ ವಿಡಿಯೋದ ವಿಷಯ.

[ದೃಶ್ಯ: ದ್ರಾಕ್ಷಿ ಹಿಂಡುವ ಪ್ರೆಸ್]

ಶುರುವಾಗುವುದು ಕುಡಿಯಲು ಅಷ್ಟೇನೂ ಹಿತವಲ್ಲದ ವೈನ್‌ನಿಂದ. ದ್ರಾಕ್ಷಿಯನ್ನು ಬೇಗನೆ, ಹುಳಿ ಇನ್ನೂ ಗಟ್ಟಿಯಾಗಿರುವಾಗಲೇ ಕೊಯ್ಯುತ್ತಾರೆ. ರಸವನ್ನು ವೈನ್ ಮಾಡುವ ಮೊದಲ ಹುದುಗು ಮುಗಿದಾಗ ಆಲ್ಕೋಹಾಲ್ ಶೇ 10-11ರಷ್ಟಿರಬೇಕು, ಏಕೆಂದರೆ ಗುಳ್ಳೆ ಕೊಡುವ ಎರಡನೇ ಹುದುಗು ಇನ್ನೂ ಶೇ 1.3ರಿಂದ 1.5ರಷ್ಟು ಸೇರಿಸುತ್ತದೆ. ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದಲ್ಲಿ ಹೆಚ್ಚಾಗಿ ಬಳಸುವ ದ್ರಾಕ್ಷಿ ಶಾರ್ಡೊನೆ, ಪಿನೋ ನ್ವಾರ್, ಮ್ಯೂನಿಯೆ. ಕೊನೆಯ ಎರಡು ಕಪ್ಪು ದ್ರಾಕ್ಷಿ. ಬಣ್ಣವಿರುವುದು ಸಿಪ್ಪೆಯಲ್ಲಾದ್ದರಿಂದ ಗೊಂಚಲನ್ನು ಇಡಿಯಾಗಿಯೇ ಮೆಲ್ಲಗೆ ಹಿಂಡಿದರೆ ರಸ ಬಿಳಿಯಾಗಿಯೇ ಬರುತ್ತದೆ. ಅಲ್ಲಿನ ನಿಯಮದ ಪ್ರಕಾರ 4000 ಕಿಲೋ ಹಣ್ಣಿಗೆ 2550 ಲೀಟರ್ ರಸ, ಅದಕ್ಕಿಂತ ಹೆಚ್ಚು ಹಿಂಡುವಂತಿಲ್ಲ. ಅದರಲ್ಲೂ ಮೊದಲ 2050 ಲೀಟರ್‌ಗೇ ಬೆಲೆ. ಆಮೇಲಿನ ರಸದಲ್ಲಿ ಹುಳಿ ಕಡಿಮೆ, ಒಗರು ಜಾಸ್ತಿ.

[ದೃಶ್ಯ: ಬಾಟಲಿಗೆ ಲೋಹದ ಮುಚ್ಚಳ ಒತ್ತುವ ಯಂತ್ರ]

ಈಗ ಸಕ್ಕರೆ, ಯೀಸ್ಟ್ ಬೆರೆಸಿ ಬಾಟಲಿ ತುಂಬುವ ಹಂತ. ಎಡವಟ್ಟು ಆಗುವುದು ಹೆಚ್ಚಾಗಿ ಇಲ್ಲೇ. ಆಲ್ಕೋಹಾಲ್, ಹುಳಿ, ಸುಮಾರು 12 ಡಿಗ್ರಿಯ ತಣ್ಣನೆಯ ನೆಲಮಾಳಿಗೆ, ಇವು ಮೂರೂ ಯೀಸ್ಟಿಗೆ ಆಗಿಬರುವುದಿಲ್ಲ. ಪೊಟ್ಟಣ ಒಡೆದು ನೇರ ಸುರಿದರೆ ಬಹುಪಾಲು ಸತ್ತು, ಹುದುಗು ಅರ್ಧಕ್ಕೇ ನಿಲ್ಲುತ್ತದೆ. ಬಾಟಲಿಯಲ್ಲಿ ಉಳಿಯುವುದು ಗುಳ್ಳೆ ಕಡಿಮೆಯ ಸಿಹಿ ವೈನ್. ಅದಕ್ಕೇ ಯೀಸ್ಟನ್ನು ಮೊದಲು ಸಕ್ಕರೆ ನೀರಿನಲ್ಲಿ ಎಬ್ಬಿಸಿ, ಕೆಲವು ದಿನಗಳ ಕಾಲ ಸ್ವಲ್ಪಸ್ವಲ್ಪವೇ ಅದೇ ವೈನ್ ಸೇರಿಸುತ್ತಾ ಒಗ್ಗಿಸಬೇಕು.

ಇದಕ್ಕೆ ಉಲ್ಟಾ ತಪ್ಪೂ ಇದೆ. ಮೂಲ ವೈನ್‌ನಲ್ಲಿ ಲೀಟರಿಗೆ 8 ಗ್ರಾಂ ಸಕ್ಕರೆ ಉಳಿದಿರುವುದನ್ನು ಅಳೆಯದೆ ಮೇಲೆ 24 ಹಾಕಿದರೆ ಒತ್ತಡ 8 ಬಾರ್ ಮುಟ್ಟುತ್ತದೆ. ಹಿಂದೆ ನೆಲಮಾಳಿಗೆಗಳಲ್ಲಿ ಬಾಟಲಿಗಳು ಸಾಲುಸಾಲಾಗಿ ಸಿಡಿಯುತ್ತಿದ್ದವು. ಉಳಿದ ಸಕ್ಕರೆಯನ್ನು ಅಳೆದು ಹಾಕುವ ಪದ್ಧತಿಯನ್ನು 1836ರಲ್ಲಿ ತೋರಿಸಿಕೊಟ್ಟವರು ಜಾನ್-ಬಾಪ್ಟಿಸ್ಟ್ ಫ್ರಾಂಸ್ವಾ ಎಂಬ ಔಷಧ ತಜ್ಞ. ಶಾಂಪೇನ್ ಎಂದೊಡನೆ ಎಲ್ಲರೂ ಡೋಮ್ ಪೆರಿನ್ಯೋ ಎಂಬ ಸನ್ಯಾಸಿಯ ಹೆಸರು ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಈ ಫ್ರಾಂಸ್ವಾಗೆ ಸಲ್ಲಬೇಕಾದದ್ದು ಹೆಚ್ಚು. ಮಾಮೂಲಿ ವೈನ್ ಬಾಟಲಿಯಲ್ಲಿ ಮಾತ್ರ ಇದನ್ನು ಮಾಡಿ ನೋಡಬೇಡಿ, ಆ ಗಾಜು ಈ ಒತ್ತಡ ತಡೆಯುವುದಿಲ್ಲ.

[ದೃಶ್ಯ: ನೆಲಮಾಳಿಗೆಯಲ್ಲಿ ಅಡ್ಡ ಮಲಗಿಸಿದ ಬಾಟಲಿಗಳು, ಒಳಗೆ ಬಿಳಿ ಗಸಿಯ ಗೆರೆ]

ಹುದುಗು ಆರೆಂಟು ವಾರದಲ್ಲಿ ಮುಗಿಯುತ್ತದೆ. ರುಚಿ ಹುಟ್ಟುವುದು ಅದಾದ ಮೇಲೆ. ಸತ್ತ ಯೀಸ್ಟ್ ತಳದಲ್ಲಿ ಗಸಿಯಾಗಿ ಕೂತು, ತಿಂಗಳುಗಟ್ಟಲೆ ನಿಧಾನವಾಗಿ ಒಡೆಯುತ್ತಾ ತನ್ನೊಳಗಿನದನ್ನು ವೈನ್‌ಗೆ ಬಿಡುತ್ತದೆ. ಆಗ ತಾನೇ ಸುಟ್ಟ ಬ್ರೆಡ್ಡು, ಬಿಸ್ಕತ್ತು, ಹುರಿದ ಬಾದಾಮಿಯ ವಾಸನೆ ಬರುವುದು ಇದರಿಂದಲೇ. ಬಾಯಲ್ಲಿ ನೊರೆ ಕೆನೆಯಂತೆ ಅನ್ನಿಸುವುದಕ್ಕೂ ಇದೇ ಕಾರಣ. ಮಾಮೂಲಿ ಶಾಂಪೇನ್ ಗಸಿಯ ಮೇಲೆ ಕನಿಷ್ಠ 12 ತಿಂಗಳು ಇರಬೇಕು, ಒಟ್ಟು 15 ತಿಂಗಳಿಗೆ ಮೊದಲು ಹೊರಗೆ ಬರುವಂತಿಲ್ಲ. ಒಂದೇ ವರ್ಷದ ಬೆಳೆಯ ವಿಂಟೇಜ್‌ಗೆ 3 ವರ್ಷ. ಸ್ಪೇನಿನ ಸ್ಪಾರ್ಕ್ಲಿಂಗ್ ವೈನ್ ಕಾವಾಕ್ಕೆ 9 ತಿಂಗಳು ಸಾಕು.

[ದೃಶ್ಯ: ಓರೆ ಹಲಗೆಯ ತೂತುಗಳಲ್ಲಿ ತಲೆಕೆಳಗಾದ ಬಾಟಲಿಗಳು]

ಗಸಿಯನ್ನು ತೆಗೆಯಬೇಕು, ಅನಿಲ ಹೋಗಬಾರದು. ಬಾಟಲಿಯನ್ನು ದಿನಾ ಸ್ವಲ್ಪ ತಿರುಗಿಸುತ್ತಾ, ತಲೆಕೆಳಗು ಮಾಡುತ್ತಾ ಗಸಿಯನ್ನು ಬಾಟಲಿಯ ಕತ್ತಿನ ಕಡೆಗೆ ಇಳಿಸುತ್ತಾರೆ. ಕೈಯಲ್ಲಾದರೆ ವಾರಗಟ್ಟಲೆ, ಯಂತ್ರದ ಪಂಜರದಲ್ಲಿ ಒಂದು ವಾರದ ಕೆಲಸ. ಆಮೇಲೆ ಕತ್ತನ್ನು ಸುಮಾರು ಮೈನಸ್ 27 ಡಿಗ್ರಿಯ ದ್ರಾವಣದಲ್ಲಿ ಅದ್ದಿದರೆ ಗಸಿ ಸಮೇತ ಒಂದು ಮಂಜುಗಡ್ಡೆಯ ಬಿರಡೆ ಕಟ್ಟುತ್ತದೆ. ಮುಚ್ಚಳ ತೆಗೆದ ಕೂಡಲೇ ಒಳಗಿನ ಒತ್ತಡವೇ ಅದನ್ನು ಹೊರಗೆ ಎಸೆಯುತ್ತದೆ. ಗಸಿ ಗಾಜಿಗೆ ಅಂಟಿಕೊಂಡು ಉಳಿದಿದ್ದರೆ ತೆರೆದಾಗ ವೈನ್ ಉಕ್ಕಿ ಅರ್ಧ ಬಾಟಲಿ ನೆಲದ ಪಾಲು.

ಖಾಲಿಯಾದ ಜಾಗಕ್ಕೆ ವೈನ್ ಮತ್ತು ಸಕ್ಕರೆಯ ಮಿಶ್ರಣ ಹಾಕುತ್ತಾರೆ. ಲೇಬಲ್ ಮೇಲಿನ ಪದ ಹೇಳುವುದು ಕೊನೆಗೆ ವೈನ್‌ನಲ್ಲಿರುವ ಸಕ್ಕರೆಯನ್ನು. ಬ್ರೂಟ್ ನೇಚರ್ ಅಂದರೆ ಸಕ್ಕರೆ ಸೇರಿಸದ, ಲೀಟರಿಗೆ 3 ಗ್ರಾಂಗಿಂತ ಕಡಿಮೆ ಇರುವ ವೈನ್. ಬ್ರೂಟ್‌ನಲ್ಲಿ 12 ಗ್ರಾಂವರೆಗೆ. ಡೆಮಿ-ಸೆಕ್‌ನಲ್ಲಿ 32ರಿಂದ 50, ಅದು ನಿಜಕ್ಕೂ ಸಿಹಿ. ವೈನ್ ಭಾಷೆಯಲ್ಲಿ ಡ್ರೈ ಅಂದರೆ ಸಿಹಿಯಿಲ್ಲದ್ದು. ಮೋಸ ಹೋಗುವುದು ಎಕ್ಸ್‌ಟ್ರಾ ಡ್ರೈ ಅನ್ನುವ ಹೆಸರಿಗೆ: 12ರಿಂದ 17 ಗ್ರಾಂ, ಅಂದರೆ ಬ್ರೂಟ್‌ಗಿಂತ ಸಿಹಿ!

[ದೃಶ್ಯ: ಎತ್ತರದ ಸ್ಟೀಲ್ ಟ್ಯಾಂಕುಗಳು]

ಇಟಲಿಯ ಸ್ಪಾರ್ಕ್ಲಿಂಗ್ ವೈನ್ ಪ್ರೊಸೆಕ್ಕೊದ ದಾರಿ ಬೇರೆ. ಎರಡನೇ ಹುದುಗು ಸಾಮಾನ್ಯವಾಗಿ ಒತ್ತಡ ತಡೆಯುವ ಟ್ಯಾಂಕಿನಲ್ಲಿ ನಡೆಯುತ್ತದೆ. ವೈನನ್ನು ಒತ್ತಡದಲ್ಲೇ ಸೋಸಿ ಬಾಟಲಿಗೆ ತುಂಬುತ್ತಾರೆ. ಇದು ಇಟಲಿಯ ಮಾರ್ಟಿನೋಟ್ಟಿ 1895ರಲ್ಲಿ ಪೇಟೆಂಟ್ ಪಡೆದ, ಫ್ರಾನ್ಸಿನ ಶರ್ಮಾ (Charmat) 1907ರಲ್ಲಿ ಸುಧಾರಿಸಿದ ವಿಧಾನ. ಅಗ್ಗದ್ದು ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಪ್ರೊಸೆಕ್ಕೊಗೆ ಬಳಸುವ ಗ್ಲೇರಾ ದ್ರಾಕ್ಷಿಯ ಪೇರ್, ಹಸಿರು ಸೇಬು, ಬಿಳಿ ಹೂವಿನ ಪರಿಮಳವನ್ನು ವರ್ಷಗಟ್ಟಲೆ ಗಸಿಯ ಮೇಲಿಟ್ಟರೆ ಬ್ರೆಡ್ಡಿನ ವಾಸನೆ ಅದನ್ನು ಮುಚ್ಚಿಬಿಡುತ್ತದೆ. ಆ ಹಣ್ಣಿಗೆ ಟ್ಯಾಂಕೇ ಸರಿ. ಸೋಡಾದ ಹಾಗೆ ನೇರವಾಗಿ ಅನಿಲ ತುಂಬುವವರೂ ಇದ್ದಾರೆ. ಅದರಲ್ಲಿ ಯೀಸ್ಟಿನ ರುಚಿ ಹುಡುಕಬೇಡಿ.

[ದೃಶ್ಯ: ಬಾಟಲಿ ತೆರೆಯುವ ಕೈಗಳು]

8ರಿಂದ 10 ಡಿಗ್ರಿಗೆ ತಣ್ಣಗೆ ಮಾಡಿ. ಬೆಚ್ಚಗಿದ್ದಷ್ಟೂ ಒತ್ತಡ ಜಾಸ್ತಿ, ಉಕ್ಕುವುದು ಖಂಡಿತ. ತಂತಿಯನ್ನು ಆರು ಅರ್ಧಸುತ್ತು ಬಿಚ್ಚುವಾಗ ಹೆಬ್ಬೆರಳು ಕಾರ್ಕ್ ಮೇಲೇ ಇರಲಿ, ಬಾಟಲಿ ಯಾರ ಮುಖದ ಕಡೆಗೂ ಬೇಡ. ಬಾಟಲಿಯನ್ನು ಓರೆ ಹಿಡಿದು, ಕಾರ್ಕನ್ನು ಬಿಗಿಯಾಗಿ ಹಿಡಿದುಕೊಂಡೇ ಬಾಟಲಿಯನ್ನು ತಿರುಗಿಸಿ. ಢಂ ಅನ್ನಬಾರದು, ಉಸ್ ಅನ್ನಬೇಕು.

ಗ್ಲಾಸನ್ನು ಓರೆ ಮಾಡಿ ಗೋಡೆಗುಂಟ ಸುರಿದರೆ ಹೆಚ್ಚು ಅನಿಲ ಉಳಿಯುತ್ತದೆ. ಗುಳ್ಳೆ ಏಳುವುದು ಗ್ಲಾಸಿನಲ್ಲಿ ಉಳಿದ ಸಣ್ಣ ನಾರಿನ ಎಳೆ ಅಥವಾ ಗೀರಿನೊಳಗೆ ಸಿಕ್ಕಿಕೊಂಡ ಗಾಳಿಯಿಂದ. ಸೋಪಿನ ಅಂಶ ಉಳಿದಿದ್ದರೆ ನೊರೆ ನಿಲ್ಲದು. ವೈನ್ ಚಪ್ಪೆಯಾಗಿ ಕಂಡರೆ ಬಾಟಲಿಯನ್ನು ಬೈಯುವ ಮುನ್ನ ಗ್ಲಾಸನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು, ಇನ್ನೊಮ್ಮೆ ಸುರಿದು ನೋಡಿ.