ಮಣ್ಣಿನ ಗೋಡೆಯೂ ವೈಫೈಯೂ

ಕೇಳುಗರಿಗೆ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ಶಿರಸಿ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಹಳೇ ಮನೆ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಅವಳ ಮಗ ಮೆತ್ತಿನ ಮೇಲೆ, ಅಂದರೆ ಮಹಡಿಯಲ್ಲಿ, ಕೂತು ಬೆಂಗಳೂರಿನ ಕಂಪನಿ ಕೆಲಸ ಮಾಡುತ್ತಾನೆ. "ನೆಟ್ಟೇ ಬತ್ತಿಲ್ಯೋ ತಮಾ" ಅಂದಳು ಅಕ್ಕ. ಲೈನ್ ಸರಿ ಇದೆ ಅಂತ ಇಂಟರ್ನೆಟ್ ಕಂಪನಿಯವರು ಎರಡು ಸಲ ಹೇಳಿ ಹೋಗಿದ್ದರಂತೆ.

ಮನೆಯೊಳಗೆ ವೈಫೈ ಹಂಚುವ ಡಬ್ಬಿ, ರೌಟರ್, ಎಲ್ಲಿದೆ ಅಂತ ಹುಡುಕಿದೆ. ಅಡುಗೆ ಮನೆಯ ನಾಗೊಂದಿಗೆ ಮೇಲೆ, ಹಿತ್ತಾಳೆ ಕೊಡ ಮತ್ತು ಅಪ್ಪೆಮಿಡಿ ಭರಣಿಗಳ ಹಿಂದೆ ಕೂತಿತ್ತು!

ವೈಫೈ ಬೇರೆ, ಇಂಟರ್ನೆಟ್ ಬೇರೆ. ಇಂಟರ್ನೆಟ್ ಕೇಬಲ್ಲಿನಲ್ಲಿ ಮನೆವರೆಗೆ ಬರುತ್ತದೆ. ರೌಟರಿನಿಂದ ಫೋನಿಗೆ ಹೋಗುವ ಕೊನೆಯ ನಾಲ್ಕು ಮಾರು ಮಾತ್ರ ವೈಫೈ. ಅದೂ ರೇಡಿಯೋ ಅಲೆಯೇ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ವೈಫೈಯ 2.4 ಗಿಗಾಹರ್ಟ್ಸ್ ಅಲೆ, ಅಂದರೆ ಸೆಕೆಂಡಿಗೆ 240 ಕೋಟಿ ಸಲ ಕಂಪಿಸುವುದು, ಅರ್ಧ ಗೇಣು, ಸುಮಾರು 12 ಸೆಂಟಿಮೀಟರ್. 5 ಗಿಗಾಹರ್ಟ್ಸಿನದು ಅದರ ಅರ್ಧ. ಈ ಗಿಡ್ಡ ಅಲೆ ಜಾಸ್ತಿ ಮಾಹಿತಿ ಹೊರುತ್ತದೆ, ಆದರೆ ದಪ್ಪ ಗೋಡೆ ದಾಟುವಾಗ ಸೋಲುತ್ತದೆ. ಲೋಹ ಎರಡನ್ನೂ ತಡೆಯುತ್ತದೆ, ನೀರು ಹೀರಿಕೊಳ್ಳುತ್ತದೆ. ಮಳೆಗೆ ನೆನೆದ ಗೋಡೆ, ಉಪ್ಪುನೀರಿನ ಭರಣಿ, ಹಿತ್ತಾಳೆ ಕೊಡ, ಮೂರೂ ಅಲ್ಲಿದ್ದವು.

ಈ ಅಲೆಗಳ ಮೇಲೆ ಸಾಧನಗಳು ಹೇಗೆ ಮಾತಾಡಬೇಕು ಅನ್ನುವ ನಿಯಮಕ್ಕೆ 802.11 ಅಂತ ಹೆಸರು. ಐಇಇಇ ಅನ್ನುವ ಎಂಜಿನಿಯರುಗಳ ಸಂಸ್ಥೆ 1997ರಲ್ಲಿ ಮಾಡಿದ್ದು. ಆಗ ವೇಗ ಸೆಕೆಂಡಿಗೆ 2 ಮೆಗಾಬಿಟ್ ಅಷ್ಟೇ. ಆಮೇಲೆ ಹೊಸ ಹೊಸ ಆವೃತ್ತಿಗಳಿಗೆ ಬಿ, ಜಿ, ಎನ್, ಎಸಿ, ಎಎಕ್ಸ್ ಅಂತ ಬಾಲಗಳು ಬಂದವು. ಜನರಿಗೆ ಗೊತ್ತಾಗಲಿ ಅಂತ 2018ರಲ್ಲಿ ವೈಫೈ ಕಂಪನಿಗಳ ಒಕ್ಕೂಟವಾದ ವೈಫೈ ಅಲಯನ್ಸ್ ಅಂಕೆ ಕೊಟ್ಟಿತು: ಎನ್ ಅಂದರೆ ವೈಫೈ 4, ಎಸಿ 5, ಎಎಕ್ಸ್ 6.

ಇಲ್ಲೇ ನೋಡಿ, ತುಂಬಾ ಜನ ಗೊಂದಲ ಪಡುವುದು. ರೌಟರ್ ಡಬ್ಬಿ ಮೇಲಿನ "ವೈಫೈ 5" ಅಂದರೆ ಐದನೇ ಪೀಳಿಗೆ. ಫೋನಿನಲ್ಲಿ ಕಾಣುವ ವೈಫೈ ಹೆಸರಿನ ಕೊನೆಗಿರುವ "5ಜಿ" ಅಂದರೆ 5 ಗಿಗಾಹರ್ಟ್ಸ್. ಮೊಬೈಲ್ ಟವರಿನ 5ಜಿಯೇ ಬೇರೆ. ಮೂರಕ್ಕೂ ಸಂಬಂಧ ಇದೆ ಅಂದುಕೊಂಡು ಸುಮ್ನೆ ಹೊಸ ರೌಟರಿಗೆ ದುಡ್ಡು ಹಾಕಬೇಡಿ. ಹಾಗೆಯೇ 100 ಮೆಗಾಬಿಟ್ ಲೈನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಹನ್ನೆರಡೂವರೆ ಮೆಗಾಬೈಟ್ ಇಳಿಯುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಅಲ್ವಾ?

ಅಕ್ಕನ ಮನೆಯಲ್ಲಿ ರೌಟರನ್ನು ಜಗಲಿಗೆ ತಂದು, ಎದೆಯೆತ್ತರದಲ್ಲಿ ಕಂಬಕ್ಕೆ ಕೂರಿಸಿದೆವು. ಅಲ್ಲಿಂದ ಒಂದು ಕೇಬಲ್ ಎಳೆದು ಮೆತ್ತಿನ ಮೇಲೆ ಆಕ್ಸೆಸ್ ಪಾಯಿಂಟ್, ಅಂದರೆ ಕೇಬಲ್ಲಿನಲ್ಲಿ ಬಂದ ನೆಟ್ಟನ್ನು ಅಲ್ಲೇ ವೈಫೈಯಾಗಿ ಹಂಚುವ ಡಬ್ಬಿ, ಹಾಕಿದೆವು. ಈಗ ಅಳಿಯನ ಲ್ಯಾಪ್‌ಟಾಪ್ ಅಲ್ಲಿ 5 ಗಿಗಾಹರ್ಟ್ಸಿನಲ್ಲೇ ಇರುತ್ತದೆ. ಅಂಗಳದಲ್ಲಿ ಅಡಿಕೆ ಒಣಹಾಕುವ ಅಕ್ಕನ ಫೋನ್ 2.4ರಲ್ಲಿ. ಮೊನ್ನೆ ಅಲ್ಲಿಂದಲೇ ನನಗೆ ವೀಡಿಯೋ ಕಾಲ್ ಮಾಡಿದ್ದಳು.