ಸಂಬಳ ಕೊಡುತ್ತಾ ಕಲಿಸಬೇಕು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಕರ್ಮಿಟ್ ಅಂತ ಒಂದು ಪುಟ್ಟ ಊರಿದೆ. ಸುಮಾರು 400 ಜನ. ಆ ಊರಿನ ಒಂದು ಔಷಧಿ ಅಂಗಡಿಗೆ ಬರೀ ಎರಡು ವರ್ಷದಲ್ಲಿ ಸುಮಾರು 90 ಲಕ್ಷ ನೋವಿನ ಮಾತ್ರೆ ಬಂದಿತ್ತು. ಒಪಿಯಾಯ್ಡ್ ಅನ್ನುವ ಜಾತಿಯ ಮಾತ್ರೆ. ಅಫೀಮಿನ ಹತ್ತಿರದ ಸಂಬಂಧಿ. ಇಷ್ಟನ್ನು ಆ ಊರು ನುಂಗೋದಕ್ಕೆ ಸಾಧ್ಯವೇ ಇಲ್ಲ, ಅಲ್ವಾ? ಸುತ್ತಮುತ್ತಲಿನ ಬೆಟ್ಟದ ಊರುಗಳಿಗೆಲ್ಲ ಅದು ಹರಿಯಿತು.

ಅಲ್ಲಿನವರು ಹೆಚ್ಚಾಗಿ ಕಲ್ಲಿದ್ದಲು ಗಣಿಯನ್ನು ನಂಬಿದವರು. ಬೆನ್ನು, ಮಂಡಿ, ಭುಜ ಸವೆಸಿಕೊಂಡು ದುಡಿದವರು. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಇದರ ಚಟ ಹತ್ತೋದು ಅಪರೂಪ ಅಂತ ಡಾಕ್ಟರುಗಳನ್ನು ನಂಬಿಸಿತು. ನೋವಿದ್ದವರು ನುಂಗಿದರು, ಬಿಡೋದಕ್ಕೆ ಆಗಲಿಲ್ಲ. ಆಮೇಲೆ ಚೀಟಿ ಸಿಗೋದು ಕಷ್ಟವಾಯಿತು. ಕೆಲವರು ಹೆರಾಯಿನ್ ಹಿಡಿದರು. ಅದರ ಹಿಂದೆಯೇ, ಹೆರಾಯಿನ್‌ಗಿಂತ ಎಷ್ಟೋ ಪಟ್ಟು ಜೋರಾದ ಫೆಂಟಾನಿಲ್ ಬಂತು. 2021ರಲ್ಲಿ ಎಲ್ಲ ಬಗೆಯ ಡ್ರಗ್ಸ್ ಸೇರಿ, ಡೋಸ್ ಮೀರಿ ಸತ್ತವರು ದೇಶದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ.

ಸತ್ತವರ ಲೆಕ್ಕ ಎಲ್ಲರೂ ಹೇಳುತ್ತಾರೆ. ನಾನು ಇವತ್ತು ಬದುಕಿ ಉಳಿದವರ ಬಗ್ಗೆ, ಅವರ ಕೆಲಸದ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ.

ಅಲನ್ ಕ್ರೂಗರ್ ಅಂತ ಒಬ್ಬ ಅರ್ಥಶಾಸ್ತ್ರಜ್ಞರಿದ್ದರು. ಕೆಲಸವೂ ಇಲ್ಲದೆ, ಕೆಲಸ ಹುಡುಕುವುದನ್ನೂ ಬಿಟ್ಟ, ದುಡಿಯುವ ವಯಸ್ಸಿನ ಗಂಡಸರ ಬಗ್ಗೆ ಅವರು 2017ರಲ್ಲಿ ಬರೆದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ದಿನಾ ಯಾವುದಾದರೊಂದು ನೋವಿನ ಮಾತ್ರೆ ತೆಗೆದುಕೊಳ್ಳುವವರೇ. ಕೆಲಸ ಹೋಗಿದ್ದಕ್ಕೆ ಚಟವೋ, ಚಟದಿಂದ ಕೆಲಸ ಹೋಯಿತೋ ಅಂತ ಬಿಡಿಸಿ ಹೇಳೋದು ಕಷ್ಟ. ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಹಾಗಾದರೆ ಔಷಧಿ ಒಂದು ಕಡೆ, ಉದ್ಯೋಗ ತರಬೇತಿ ಇನ್ನೊಂದು ಕಡೆ ಅಂತ ಇಟ್ಟರೆ ಹೇಗೆ ನಡೆಯುತ್ತದೆ?

ಇದು ಸರ್ಕಾರಕ್ಕೂ ನಿಧಾನವಾಗಿ ಅರ್ಥವಾಯಿತು. 2017ರ ಅಕ್ಟೋಬರಿನಲ್ಲಿ ಸಾರ್ವಜನಿಕ ಆರೋಗ್ಯದ ತುರ್ತು ಪರಿಸ್ಥಿತಿ ಅಂತ ಘೋಷಣೆ ಆಯಿತು. ಮಾರನೇ ವರ್ಷ ಅಲ್ಲಿನ ಕಾರ್ಮಿಕ ಇಲಾಖೆ ಈ ಪಿಡುಗಿಗೆ ಸಿಕ್ಕವರ ಉದ್ಯೋಗ ತರಬೇತಿಗೆ ಅಂತ ಆರು ರಾಜ್ಯಗಳಿಗೆ ಸುಮಾರು 2 ಕೋಟಿ 20 ಲಕ್ಷ ಡಾಲರ್ ಕೊಟ್ಟಿತು. ಈ ಯೋಜನೆಯಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಅಂಶ ಇದೆ. ಚಟಕ್ಕೆ ಬಿದ್ದವರಿಗೆ ಮಾತ್ರ ಅಲ್ಲ, ಅವರ ಮನೆಯವರಿಗೆ, ಸ್ನೇಹಿತರಿಗೂ ಇದರಲ್ಲಿ ಜಾಗ ಇತ್ತು. ಮಗನನ್ನು ನೋಡಿಕೊಳ್ಳೋದಕ್ಕೆ ಅಂತ ಕೆಲಸ ಬಿಟ್ಟ ತಾಯಿಯ ಸಂಬಳವನ್ನೂ ಚಟವೇ ತಿಂದಿದೆ ಅಲ್ವಾ? ಜೊತೆಗೆ ಇದೇ ಹಣದಲ್ಲಿ ಚಟ ಬಿಡಿಸುವ ಚಿಕಿತ್ಸೆ, ಮಾನಸಿಕ ಆರೋಗ್ಯದಂಥ ಕೆಲಸಗಳಿಗೂ ತರಬೇತಿ ಕೊಡಬಹುದಿತ್ತು. ತಾನೇ ಅದನ್ನು ದಾಟಿ ಬಂದವರು ಇನ್ನೊಬ್ಬರ ಕೈ ಹಿಡಿಯುವ ಕೆಲಸಕ್ಕೆ ಅಲ್ಲಿ ಈಗ ಸಂಬಳ ಉಂಟು, ಸರ್ಟಿಫಿಕೇಟೂ ಉಂಟು.

ಆದರೆ ತರಗತಿಯಲ್ಲಿ ಕೂರಿಸಿ ಪಾಠ ಹೇಳಿದರೆ ಸಾಕಾಗುವುದಿಲ್ಲ. ಒಪಿಯಾಯ್ಡ್ ಚಟ ಬಿಡಿಸಲು ಕೊಡುವ ಮೆಥಡೋನ್ ಅನ್ನುವ ಔಷಧಿಯ ಚಿಕಿತ್ಸೆಯನ್ನೇ ನೋಡಿ. ಹಲವು ವರ್ಷ ಅಲ್ಲಿದ್ದ ನಿಯಮ ಹೇಗಿತ್ತೆಂದರೆ, ಶುರುವಿನ ತಿಂಗಳುಗಳಲ್ಲಿ ಹೆಚ್ಚುಕಡಿಮೆ ದಿನಾ ಕ್ಲಿನಿಕ್‌ಗೆ ಹೋಗಬೇಕು. ಸಾಲಿನಲ್ಲಿ ನಿಂತು, ನರ್ಸ್ ಎದುರಿಗೇ ಕುಡಿಯಬೇಕು. ಕ್ಲಿನಿಕ್ ಎಲ್ಲೋ ದೂರದ ಪಟ್ಟಣದಲ್ಲಿ. ಹಳ್ಳಿಗೆ ಬಸ್ ಇಲ್ಲ. ಎಷ್ಟೋ ಜನರ ಡ್ರೈವಿಂಗ್ ಲೈಸೆನ್ಸ್ ದಂಡ ಕಟ್ಟಿಲ್ಲ ಅಂತ ರದ್ದಾಗಿರುತ್ತದೆ. ಬೆಳಗ್ಗೆ ಏಳಕ್ಕೆ ಪಾಳಿ ಶುರು ಅಂದರೆ ಆ ಮನುಷ್ಯ ಏನು ಮಾಡಬೇಕು? ಔಷಧಿ ಬಿಡಬೇಕಾ, ಕೆಲಸ ಬಿಡಬೇಕಾ? 2024ರ ಹೊಸ ನಿಯಮದಲ್ಲಿ ಇದು ಸಡಿಲವಾಯಿತು. ಚಿಕಿತ್ಸೆಗೆ ಸೇರಿ ಒಂದು ತಿಂಗಳು ಕಳೆದ ಮೇಲೆ, ಡಾಕ್ಟರ್ ಒಪ್ಪಿದರೆ 28 ದಿನಗಳವರೆಗಿನ ಔಷಧಿಯನ್ನು ಮನೆಗೆ ಒಯ್ಯಬಹುದು. ಇದನ್ನು ಆರೋಗ್ಯದ ನಿಯಮ ಅಂತ ಬರೆದಿದ್ದಾರೆ. ನನ್ನ ಪ್ರಕಾರ ಇದು ಉದ್ಯೋಗದ ನಿಯಮ ಕೂಡ.

ಇನ್ನು ಮಾಲೀಕರ ಅನುಮಾನ. ಡಾಕ್ಟರ್ ಬರೆದುಕೊಟ್ಟ ಮೆಥಡೋನ್, ಅದರಂಥದ್ದೇ ಇನ್ನೊಂದು ಔಷಧಿ ಬ್ಯುಪ್ರೆನಾರ್ಫಿನ್ ತೆಗೆದುಕೊಳ್ಳುವವರನ್ನು ಅದೊಂದೇ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ ಅಂತ ಅಂಗವಿಕಲರ ಹಕ್ಕಿನ ಕಾನೂನನ್ನು ವಿವರಿಸಿ ಅಲ್ಲಿನ ನ್ಯಾಯ ಇಲಾಖೆ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಜೈಲಿಗೆ ಹೋಗಿ ಬಂದವರನ್ನು ಸೇರಿಸಿಕೊಳ್ಳೋಕೆ ಹೆದರುವ ಮಾಲೀಕರಿಗೆ 1966ರಿಂದಲೂ ಒಂದು ಸರ್ಕಾರಿ ಭದ್ರತೆ ಇದೆ, ಆ ಕೆಲಸಗಾರ ಕದ್ದು, ಮೋಸ ಮಾಡಿ ನಷ್ಟವಾದರೆ ತುಂಬಿಕೊಡುವ ವಿಮೆ ಥರ. ಮೊದಲ ಆರು ತಿಂಗಳು, 5,000 ಡಾಲರ್‌ವರೆಗೆ, ಬಿಟ್ಟಿಯಾಗಿ. ಇಂಥದ್ದು ಇದೆ ಅಂತ ಮಾಲೀಕರಿಗೆ ಹೋಗಿ ಹೇಳುವುದೂ ತರಬೇತಿ ಕೊಡುವವರ ಕೆಲಸವೇ ಆಗಬೇಕು.

ಸರಿಯಾಗಿ ಮಾಡಿದರೆ ಹೇಗಿರುತ್ತದೆ? ಕೆಂಟಕಿ ರಾಜ್ಯದ ಹೈಂಡ್‌ಮನ್ ಅನ್ನುವ ಊರಿಗೆ ಬನ್ನಿ. ಡಲ್ಸಿಮರ್ ಅನ್ನುವ ತಂತಿವಾದ್ಯಕ್ಕೆ ಹೆಸರಾದ ಊರು. ಅಲ್ಲಿ ಟ್ರಬಲ್ಸಮ್ ಕ್ರೀಕ್ ಅಂತ ಒಂದು ವಾದ್ಯದ ಕಾರ್ಖಾನೆ. ಗಿಟಾರ್, ಮ್ಯಾಂಡೊಲಿನ್, ಡಲ್ಸಿಮರ್ ಮಾಡುತ್ತಾರೆ. ಮಾಡುವವರಲ್ಲಿ ಹಲವರು ಚಟದಿಂದ ಹೊರಬಂದವರು. ಗಿಟಾರಿನ ಪಕ್ಕದ ಹಲಗೆ ಎರಡು ಮಿಲಿಮೀಟರ್ ಆಸುಪಾಸಿನಷ್ಟು ತೆಳು. ಅದನ್ನು ನೆನೆಸಿ, ಕಾದ ಲೋಹಕ್ಕೆ ಒತ್ತಿ, ಮೆಲ್ಲಗೆ ಬಗ್ಗಿಸಬೇಕು. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಇಂಥ ಕೆಲಸ ಕಲಿಯೋದಕ್ಕೆ ತಿಂಗಳುಗಟ್ಟಲೆ ಬೇಕು, ಪಕ್ಕದಲ್ಲಿ ಗುರು ಬೇಕು. ಆ ಹೊತ್ತಿನಲ್ಲಿ ಮನಸ್ಸಿಗೂ ಕೈಗೂ ಒಂದು ಹಿಡಿತ ಸಿಗುತ್ತದೆ. 2022ರ ಜುಲೈ ಪ್ರವಾಹದಲ್ಲಿ ಅಲ್ಲಿಗೆ ನೀರು ನುಗ್ಗಿತು. ತೊಳೆದು, ಒಣಗಿಸಿ, ಮತ್ತೆ ಶುರು ಮಾಡಿದರು.

ವೆಸ್ಟ್ ವರ್ಜೀನಿಯಾದಲ್ಲಿ ಕೋಲ್‌ಫೀಲ್ಡ್ ಡೆವಲಪ್‌ಮೆಂಟ್ ಅನ್ನುವ ಸಂಸ್ಥೆಯ ಲೆಕ್ಕ ಇನ್ನೂ ಸರಳ. ವಾರಕ್ಕೆ 33 ಗಂಟೆ ಸಂಬಳದ ಕೆಲಸ, 6 ಗಂಟೆ ಕಾಲೇಜು ಪಾಠ, 3 ಗಂಟೆ ಬದುಕಿನ ಪಾಠ. ಅಂದರೆ ದುಡ್ಡಿನ ಲೆಕ್ಕ, ಮನೆಯ ತಾಪತ್ರಯ, ಮನಸ್ಸಿನ ಮಾತು. ಕಲಿತು ಮುಗಿಸಿ ಬಾ, ಆಮೇಲೆ ಸಂಬಳ ನೋಡೋಣ ಅಂತ ಇಲ್ಲಿ ಹೇಳುವುದಿಲ್ಲ. ಮನೆ ಬಾಡಿಗೆ ಕಟ್ಟಬೇಕಾದವರು ಆರು ತಿಂಗಳು ಸುಮ್ನೆ ಪಾಠ ಕೇಳಿಕೊಂಡು ಕೂರೋದಕ್ಕೆ ಆಗುತ್ತದಾ? ಪೂರ್ತಿ ಗುಣವಾದ ಮೇಲೆ ಕೆಲಸ ಅನ್ನುವುದೂ ಇದೇ ಥರದ ತಪ್ಪು ಯೋಚನೆ. ಕೆಲಸ ಕೂಡ ಗುಣವಾಗುವ ದಾರಿಯೇ. ಹಾಗಾಗಿ ಒಂದು ಸಲ ಜಾರಿದರು ಅಂತ ಹೆಸರು ಹೊಡೆದುಹಾಕಬಾರದು. ಚಿಕಿತ್ಸೆಗೆ ಕಳಿಸಿ, ವಾಪಸ್ ಬಂದಾಗ ಅದೇ ಜಾಗ ಕೊಡಬೇಕು.

ಈಗ ಹಣದ ಮಾತು. ಈ ಮಾತ್ರೆಗಳ ವಿಷಯದಲ್ಲಿ ತಮ್ಮ ಮೇಲೆ ಹೂಡಿದ್ದ ಮೊಕದ್ದಮೆಗಳನ್ನು ಮುಗಿಸಿಕೊಳ್ಳೋಕೆ ಮೂರು ದೊಡ್ಡ ಔಷಧಿ ವಿತರಕ ಕಂಪನಿಗಳು ಮತ್ತು ಔಷಧಿ ತಯಾರಿಸುವ ಜಾನ್ಸನ್ ಅಂಡ್ ಜಾನ್ಸನ್ ಸೇರಿ 2,600 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿಕೊಂಡಿವೆ. ವಿತರಕರ ಪಾಲು 18 ವರ್ಷಗಳಲ್ಲಿ ಕಂತು ಕಂತಾಗಿ ಬರುತ್ತದೆ. ರಾಜ್ಯಗಳಿಗೆ, ಊರುಗಳಿಗೆ ಬರುವ ಹಣದಲ್ಲಿ ಕನಿಷ್ಠ ಶೇಕಡಾ 85ರಷ್ಟನ್ನು ಈ ಪಿಡುಗು ತಗ್ಗಿಸುವುದಕ್ಕೇ ಖರ್ಚು ಮಾಡಬೇಕು ಅಂತ ಕರಾರು. ಎಲ್ಲಿ ಹೇಗೆ ಖರ್ಚು ಮಾಡೋದು ಅಂತ ಊರೂರಲ್ಲಿ ಚರ್ಚೆ ನಡೆದಿದೆ. ಪೊಲೀಸ್ ವಾಹನ ಕೊಳ್ಳೋಣ ಅನ್ನುವವರೂ ಇದ್ದಾರೆ. ಅದರ ಬದಲು ಕಲಿಯುವ ತಿಂಗಳುಗಳ ಸಂಬಳ, ಕ್ಲಿನಿಕ್‌ಗೂ ಕೆಲಸಕ್ಕೂ ಒಯ್ಯುವ ವ್ಯಾನು, ಕೂಸಿದ್ದವರಿಗೆ ಕೂಸು ನೋಡಿಕೊಳ್ಳುವ ಜಾಗ, ಈ ಮೂರಕ್ಕೆ ಮೊದಲು ಹಣ ತೆಗೆದಿಡಬೇಕು. ಈ ಹಣ ಬಂದಿರುವುದು ಆ ಜನರ ನೋವಿನ ಹೆಸರಿನಲ್ಲಿ. ಅದು ಮೊದಲು ಅವರ ಕೈಗೇ ಸೇರಬೇಕು.

ನಮಸ್ಕಾರ.