ಪರದೆಯ ಬೆಳಕಿಗಾಗಿ ವೋಲ್ಟೇಜ್ ಏರಿಸುವ ಮುನ್ನ

ಕೇಳುಗರಿಗೆ ನಮಸ್ಕಾರ. ಕೈಯಲ್ಲಿ ಹಿಡಿದು ಆಡುವ ಹಳೆಯ ಗೇಮ್ ಸಾಧನಗಳನ್ನು ಹುಡುಕಿ ತಂದು, ಬಿಚ್ಚಿ, ಸರಿಪಡಿಸಿ ಮತ್ತೆ ಆಡುವ ಹವ್ಯಾಸಿಗಳು ನಮ್ಮ ಬೆಂಗಳೂರಿನಲ್ಲಿಯೂ ಇದ್ದಾರೆ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ರೆಸಿಸ್ಟರ್, ಸೆಲ್, ಸೋಲ್ಡರ್ ಎಲ್ಲವೂ ಕೈಗೆಟುಕುವ ಬೆಲೆಗೆ ಸಿಗುವುದರಿಂದ, ಪರದೆ ಮಂಕಾಗಿದೆ ಎನಿಸಿದಾಗ ಒಂದಿಷ್ಟು ವೋಲ್ಟೇಜ್ ಹೆಚ್ಚಿಸಿ ನೋಡೋಣವೆಂಬ ಆಸೆ ಹುಟ್ಟುವುದು ಸಹಜ. ಆದರೆ ಈ ದಾರಿಯಲ್ಲಿ ಸಿಗುವ ಬೆಳಕು ಅಲ್ಪ, ತೆರಬೇಕಾದ ಬೆಲೆ ದೊಡ್ಡದು.

ಮೊದಲಿಗೆ, ನಿಮ್ಮ ಪರದೆ ಯಾವ ಬಗೆಯದೆಂದು ತಿಳಿಯಬೇಕು. 2001ರಲ್ಲಿ ಬಂದ ನಿಂಟೆಂಡೊ ಗೇಮ್ ಬಾಯ್ ಅಡ್ವಾನ್ಸ್‌ನ ಪರದೆಗೆ ಸ್ವಂತ ಬೆಳಕೇ ಇರಲಿಲ್ಲ. ಹೊರಗಿನಿಂದ ಬಿದ್ದ ಬೆಳಕನ್ನು ಪ್ರತಿಫಲಿಸಿಯೇ ಅದು ಚಿತ್ರ ತೋರಿಸುತ್ತಿತ್ತು. ಅಂಥ ಪರದೆಗೆ ಎಷ್ಟು ವೋಲ್ಟೇಜ್ ಕೊಟ್ಟರೂ ಬೆಳಕು ಹುಟ್ಟುವುದಿಲ್ಲ. ಅದೂ ಅಲ್ಲದೆ, ಇಂಥ ಎಲ್‌ಸಿಡಿ ಪರದೆಯೊಳಗಿನ ದ್ರವ ಸ್ಫಟಿಕಕ್ಕೆ ಧನ-ಋಣ ಧ್ರುವಗಳು ಸತತವಾಗಿ ಅದಲುಬದಲಾಗುವ ವೋಲ್ಟೇಜನ್ನೇ ಕೊಡಬೇಕು. ಒಂದೇ ದಿಕ್ಕಿನ ವೋಲ್ಟೇಜ್ ಬಹಳ ಹೊತ್ತು ನಿಂತರೆ ಸ್ಫಟಿಕದ ಪದರ ಕೆಡುತ್ತದೆ.

ಹಿಂಬದಿಯಲ್ಲಿ ಬಿಳಿ ಎಲ್‌ಇಡಿ ಇರುವ ಪರದೆಗಳ ಕಥೆ ಬೇರೆ. ಬಿಳಿ ಎಲ್‌ಇಡಿ ಸಾಮಾನ್ಯವಾಗಿ 3 ವೋಲ್ಟಿನ ಆಸುಪಾಸಿನಲ್ಲಿ ಬೆಳಗುತ್ತದೆ, ಮತ್ತು ಆ ಹಂತ ದಾಟಿದ ಮೇಲೆ ವೋಲ್ಟೇಜ್ 0.2 ವೋಲ್ಟಿನಷ್ಟು ಏರಿದರೂ ಅದರಲ್ಲಿ ಹರಿಯುವ ಕರೆಂಟ್ ಹೆಚ್ಚುಕಡಿಮೆ ದುಪ್ಪಟ್ಟಾಗಬಹುದು. ಕರೆಂಟ್ ಹೆಚ್ಚಿದಾಗ ಎಲ್‌ಇಡಿ ಬಿಸಿಯಾಗುತ್ತದೆ, ಬಿಸಿಯಾದ ಎಲ್‌ಇಡಿ ಅದೇ ವೋಲ್ಟೇಜಿನಲ್ಲಿ ಇನ್ನಷ್ಟು ಕರೆಂಟ್ ಎಳೆಯುತ್ತದೆ. ಹೀಗೆ ಒಂದನ್ನೊಂದು ಬೆಳೆಸುತ್ತ ಹೋಗುವ ಈ ಸುಳಿಯನ್ನು ತಡೆಯಲೆಂದೇ ತಯಾರಕರು ಕರೆಂಟನ್ನು ಒಂದು ಮಟ್ಟದಲ್ಲಿ ಹಿಡಿದಿಡುವ ಡ್ರೈವರ್ ಚಿಪ್ ಅಳವಡಿಸಿರುತ್ತಾರೆ. ಆ ಚಿಪ್ಪಿನ ಪಕ್ಕದ ಚಿಕ್ಕ ರೆಸಿಸ್ಟರ್ ಕರೆಂಟಿನ ಮಿತಿಯನ್ನು ನಿರ್ಧರಿಸುತ್ತದೆ. 10 ಓಮ್ ಇದ್ದಲ್ಲಿ 5 ಓಮ್ ಹಾಕಿದರೆ, ತಡೆ ಅರ್ಧಕ್ಕಿಳಿದು, 20 ಮಿಲಿಆಂಪಿಯರ್ ಇದ್ದದ್ದು 40 ಆಗುತ್ತದೆ.

ಹಾಗಾದರೆ ಪರದೆ ಎರಡು ಪಟ್ಟು ಪ್ರಕಾಶಮಾನವಾಗಿ ಕಾಣುತ್ತದೆಯೇ? ಇಲ್ಲ. ನಮ್ಮ ಕಣ್ಣು ಬೆಳಕನ್ನು ನೇರ ಅನುಪಾತದಲ್ಲಿ ಅಳೆಯುವುದಿಲ್ಲ. ಬೆಳಕು ನಿಜವಾಗಿ ಎರಡರಷ್ಟಾದರೂ ನಮಗೆ ಅದು ಸುಮಾರು ಕಾಲು ಭಾಗದಷ್ಟೇ ಹೆಚ್ಚಿದಂತೆ ತೋರುತ್ತದೆ. ಇತ್ತ, ಬಿಸಿಯಾದ ಎಲ್‌ಇಡಿಯ ದಕ್ಷತೆ ಕುಗ್ಗುವುದರಿಂದ ಬೆಳಕು ಎರಡರಷ್ಟಾಗುವುದೂ ಇಲ್ಲ. ಕಾಲಕ್ರಮೇಣ ಅದರ ಬಣ್ಣ ಮಾಸುತ್ತದೆ, ಆಯಸ್ಸು ಕುಗ್ಗುತ್ತದೆ, ಬ್ಯಾಟರಿಯಂತೂ ಬೇಗ ಬರಿದಾಗುತ್ತದೆ. ನನ್ನ ಮಟ್ಟಿಗೆ, ಇಷ್ಟೇ ಸಾಕು ಈ ಪ್ರಯೋಗ ಬೇಡವೆನ್ನಲು.

ಇದಕ್ಕಿಂತ ಅಪಾಯಕಾರಿಯಾದ ತಪ್ಪೊಂದಿದೆ. 14500 ಎಂಬ ಲಿಥಿಯಂ ಸೆಲ್ ನೋಡಲು ನಮ್ಮ ಪೆನ್ಸಿಲ್ ಸೆಲ್ಲಿನಂತೆಯೇ ಇರುತ್ತದೆ, ಅದೇ ಗೂಡಿನಲ್ಲಿ ಸರಿಯಾಗಿ ಕೂರುತ್ತದೆ. ಪೆನ್ಸಿಲ್ ಸೆಲ್ಲಿನದು 1.5 ವೋಲ್ಟ್, ಪೂರ್ತಿ ಚಾರ್ಜ್ ಆದ 14500 ಸೆಲ್ಲಿನದು 4.2. ಎರಡು ಸೆಲ್ಲುಗಳನ್ನು ಸಾಲಾಗಿ ಬಳಸುವ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಇಂಥ ಎರಡನ್ನು ಹಾಕಿದರೆ, 3 ವೋಲ್ಟಿಗೆ ರೂಪಿಸಿದ ಸರ್ಕ್ಯೂಟಿಗೆ 8.4 ವೋಲ್ಟ್ ನುಗ್ಗುತ್ತದೆ. ವಿದ್ಯುತ್ತನ್ನು ಕ್ಷಣಕಾಲ ಕೂಡಿಡುವ ಕೆಪಾಸಿಟರುಗಳು ತಮ್ಮ ಮಿತಿ ಮೀರಿದಾಗ ಉಬ್ಬಿ ಸೋರುತ್ತವೆ. ಅವುಗಳಲ್ಲಿ ಟ್ಯಾಂಟಲಮ್ ಎಂಬ ಲೋಹ ಬಳಸಿದವು ಹೊತ್ತಿಕೊಳ್ಳಲೂಬಹುದು. ದಯವಿಟ್ಟು ಸೆಲ್ಲಿನ ಮೇಲಿನ ಬರಹವನ್ನು ಓದದೆ ಗೂಡಿಗೆ ಹಾಕಬೇಡಿ. ಮಕ್ಕಳ ಕೈಗೆ ಕೊಡುವ ಸಾಧನವಾದರಂತೂ ಇನ್ನಷ್ಟು ಎಚ್ಚರ ಬೇಕು.

ಬೆಳಕು ಬೇಕಾದವರಿಗೆ ಸರಿಯಾದ ಮಾರ್ಗ ಪರದೆಯನ್ನೇ ಬದಲಿಸುವುದು. ನಿಂಟೆಂಡೊ ಕಂಪನಿಯೇ 2003ರ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ಮಾದರಿಯಲ್ಲಿ ಮುಂಬದಿಯ ಬೆಳಕನ್ನೂ 2005ರ ಪರಿಷ್ಕೃತ ಮಾದರಿಯಲ್ಲಿ ಹಿಂಬದಿಯ ಬೆಳಕನ್ನೂ ಒದಗಿಸಿತು. ಇಂದು ಹಳೆಯ ಸಾಧನಗಳಿಗೆಂದೇ ತಯಾರಾಗುವ ಐಪಿಎಸ್ ಎಂಬ ಬಗೆಯ ಎಲ್‌ಸಿಡಿ ಪರದೆಗಳು ಮೂಲ ಸೆಲ್ಲುಗಳ ವೋಲ್ಟೇಜಿನಲ್ಲಿಯೇ ಚೆನ್ನಾಗಿ ಬೆಳಗುತ್ತವೆ. ಖರ್ಚು ಬೇಡವೆಂದರೆ, ಗೀರು ಬಿದ್ದ ಮೇಲಿನ ಪ್ಲಾಸ್ಟಿಕ್ ಗಾಜನ್ನಾದರೂ ಬದಲಿಸಿ ನೋಡಿ.

ಈಗಾಗಲೇ ವೋಲ್ಟೇಜ್ ಏರಿಸಿ ಆಡುತ್ತಿರುವವರು ಮೂಲ ರೆಸಿಸ್ಟರನ್ನು ಮರಳಿ ಹಾಕಿ, ವೋಲ್ಟೇಜ್, ಕರೆಂಟ್ ಅಳೆಯುವ ಮಲ್ಟಿಮೀಟರಿನಲ್ಲಿ ಅಳೆದು ಖಚಿತಪಡಿಸಿಕೊಳ್ಳಬೇಕು. ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಅದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು. ಮನೆಯ ಕಸದ ಜೊತೆ ಕೊಡದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಪ್ರತ್ಯೇಕವಾಗಿ ಒಪ್ಪಿಸಬೇಕು. ನಮಸ್ಕಾರ.